ಸಂಬಳ ಎಷ್ಟು ಅಂತ ಅತಿಥಿ ಕೇಳಿದರೆ, ಹೇಳೋಕೆ ಇಷ್ಟವಿಲ್ಲ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?

ಗೋಕರ್ಣದ ಹೋಮ್‌ಸ್ಟೇಯಲ್ಲಿ ಕೆಲಸಕ್ಕೆ ಸೇರಿದ ಶಿರಸಿಯ ಹುಡುಗಿಯೊಬ್ಬಳ ಪ್ರಶ್ನೆ ಇದು. ಅವಳ ಕೈಯಲ್ಲಿರೋದು ಮೂರು ಮಾತು: ‘ಮೈಂಡ್ ಯುವರ್ ಓನ್ ಬಿಸಿನೆಸ್’ (ನಿಮ್ಮ ಕೆಲಸ ನೀವು ನೋಡ್ಕೊಳ್ಳಿ), ‘ಐಡ್ ರಾದರ್ ನಾಟ್ ಸೇ’ (ಹೇಳದಿರೋದೇ ವಾಸಿ), ‘ಮೈ ಲಿಪ್ಸ್ ಆರ್ ಸೀಲ್ಡ್’ (ನನ್ನ ಬಾಯಿಗೆ ಬೀಗ).

ಮೊದಲು ಖಾರ ನೋಡೋಣ. ‘ಮೈಂಡ್ ಯುವರ್ ಓನ್ ಬಿಸಿನೆಸ್’ ಮುಖಕ್ಕೆ ಹೊಡೆದ ಹಾಗಿರುತ್ತದೆ. ಮುಂದೆ ‘ಪ್ಲೀಸ್’ ಸೇರಿಸಿದರೂ ಇಳಿಯಲ್ಲ, ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಗೆಳತಿಯರ ನಡುವೆ ನಗುತ್ತಾ ಹೇಳಬಹುದು. ಅತಿಥಿಗೆ ಹೇಳಿದರೆ ದೂರು ಮಾಲೀಕರ ತನಕ ಹೋದೀತು! ‘ಐಡ್ ರಾದರ್ ನಾಟ್ ಸೇ’ ಹಾಗಲ್ಲ. ಕೇಳಿದ್ದು ತಪ್ಪು ಅನ್ನುವುದಿಲ್ಲ, ನನಗೆ ಹೇಳೋಕೆ ಇಷ್ಟವಿಲ್ಲ ಅಂತಷ್ಟೇ ತಿಳಿಸುತ್ತದೆ. ಸಂಬಳ, ಮದುವೆ, ಜಾತಿ, ಯಾವುದಕ್ಕೂ ನಡೆಯುತ್ತದೆ.

‘ಮೈ ಲಿಪ್ಸ್ ಆರ್ ಸೀಲ್ಡ್’ ಬೇರೆಯವರ ಗುಟ್ಟು ಕಾಯೋದಕ್ಕೆ. ‘ಪಕ್ಕದ ರೂಮಿನವರು ಯಾರು?’ ಅಂದಾಗ ತುಸು ತುಂಟತನದಿಂದ ಹೇಳಿ. ನಿಮ್ಮದೇ ಸಂಬಳಕ್ಕೆ ಹೀಗಂದರೆ ಇನ್ನೊಮ್ಮೆ ಕೇಳಲಿ ಅಂತ ಆಟ ಆಡಿಸಿದ ಹಾಗೆ.

ಇಮೇಲಿನಲ್ಲಿ ಎರಡನೆಯದೇ ವಾಸಿ, ಆದರೆ ‘ಐ ವುಡ್’ ಅಂತ ಬಿಡಿಸಿ ಬರೆಯಿರಿ.

ಕುಮಟಾ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ‘ಯಾರ ಮನೆ ಮಗಳೇ?’ ಅಂದರೆ ಇದ್ಯಾವುದೂ ಬೇಡ. ಅದು ಸುಮ್ನೆ ಮಾತಿಗೆ ಕೇಳೋದು, ಅಲ್ವಾ? ಎರಡು ಸಲ ಮೆತ್ತಗೆ ಹೇಳಿದರೂ ಬಿಡದೆ ಕೆದಕುವ ಅತಿಥಿಗೆ ಮಾತ್ರ ‘ದಟ್ಸ್ ಪ್ರೈವೇಟ್’ ಅಂದು ಮಾತು ಮುಗಿಸಿ.