ಫಿನಾಲೆ ಮ್ಯಾಚ್ 4.50: 3 ವರ್ಷ, 60 ಡಬ್ಬಿ

ಕಳೆದ ವಾರ ಫಿನಾಲೆ ಮ್ಯಾಚ್ ಪೆಲೆಟ್‌ನ 60ನೇ ಡಬ್ಬಿ ಖಾಲಿಯಾಯಿತು. ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕುವ ಸೀಸದ ಗುಂಡು. ಒಂದು ಡಬ್ಬಿಗೆ 500 ಪೆಲೆಟ್. ಅಂದರೆ ಈ 3 ವರ್ಷದಲ್ಲಿ ನನ್ನ ಮಗಳು ಸುಮಾರು 30,000 ಸಲ ಇದೇ ಪೆಲೆಟ್ ಹಾಕಿ ಟ್ರಿಗರ್ ಒತ್ತಿದ್ದಾಳೆ. ಇಷ್ಟು ಬಳಸಿದ ಮೇಲೆ ಬರೆದರೆ ನಾಲ್ಕು ಜನರಿಗೆ ಉಪಯೋಗವಾದೀತು ಅನ್ನಿಸಿತು. 2024ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿ ಸ್ಪರ್ಧೆಯ ಕಂಚು ಗೆದ್ದ ಮೇಲೆ ಬೆಳಗಾವಿಯಲ್ಲೂ ಮಕ್ಕಳನ್ನು ಶೂಟಿಂಗ್ ರೇಂಜಿಗೆ ಕರೆತರುವ ಪಾಲಕರು ಜಾಸ್ತಿಯಾಗಿದ್ದಾರೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಯಾವ ಪೆಲೆಟ್ ತರಿಸೋಣ್ರಿ?"

ನಾನು ತರಿಸುವುದು ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್. ರೈಫಲ್‌ಗೆ ಅಂತಲೇ ಮಾಡಿದ 0.53 ಗ್ರಾಂ ತೂಕದ್ದು, ತಲೆಯ ಅಳತೆ 4.50 ಮಿಲಿಮೀಟರ್. ಜರ್ಮನಿಯ ಮಾಲು. ಆದರೆ ಇದನ್ನೇ ತರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಅನ್ನುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಒಂದು ಮಷೀನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ದಿನವಿಡೀ ಕೈಯಲ್ಲಿ ಮೈಕ್ರೋಮೀಟರ್, ಬೋರ್ ಗೇಜ್ ಅಂಥ ಅಳತೆಯ ಸಾಧನಗಳು. ಶೂಟಿಂಗ್ ನನಗೆ ಗೊತ್ತಿರಲಿಲ್ಲ. ಮಗಳಿಗೆ 13 ವರ್ಷ ಇದ್ದಾಗ ಪುಣೆಯ ಒಬ್ಬ ಹಳೆಯ ಶೂಟರ್ ಕಡೆಯಿಂದ ಅವರು ಬಳಸಿದ ವಾಲ್ಟರ್ ಎಲ್‌ಜಿ 300 ರೈಫಲ್ ಕೊಂಡೆವು. ಅದರ ಜೊತೆ ಊರಲ್ಲಿ ಸಿಕ್ಕ ಅಗ್ಗದ ಪೆಲೆಟ್ ತಂದೆವು. ರೈಫಲ್‌ಗೇ ಅಷ್ಟು ದುಡ್ಡು ಹಾಕಿದ್ದೇವೆ, ಪೆಲೆಟ್ ಅಂದರೆ ಸೀಸದ ಚೂರು, ಅದರಲ್ಲೇನಿದೆ ಅಂದುಕೊಂಡೆ.

ಆರು ತಿಂಗಳು ಅವಳ ಸ್ಕೋರು 606-607ರಲ್ಲೇ ನಿಂತುಬಿಟ್ಟಿತು. 10 ಮೀಟರ್ ಏರ್ ರೈಫಲ್‌ನಲ್ಲಿ 60 ಗುಂಡು, 75 ನಿಮಿಷ. ಒಂದು ಗುಂಡಿಗೆ ಹೆಚ್ಚೆಂದರೆ 10.9, ಒಟ್ಟು 654. ಅವಳದು ಒಳ್ಳೆಯ ಸರಣಿ ನಡೆಯುತ್ತಿರುವಾಗಲೇ ನಡುವೆ ಒಂದು 9.6 ಬಂದು ಕೂರುತ್ತಿತ್ತು. ಒಂದು ಸಂಜೆ ರೇಂಜಿನಿಂದ ಬರುವಾಗ ಸ್ಕೂಟರ್ ಹಿಂದೆ ಕೂತು ಹೇಳಿದಳು, "ಪಪ್ಪಾ, ನನ್ನ ಕೈ ಅಲುಗಾಡಿಲ್ರೀ. ನಾ ಒತ್ತಿದ್ದು ನಡುವಿಗೇ." ಎಲ್ಲ ಮಕ್ಕಳೂ ಹೀಗೇ ಹೇಳುತ್ತಾರೆ ಅಂದುಕೊಂಡು ಬೈದೆ. ಟಿಳಕವಾಡಿಯ ರೈಲ್ವೆ ಗೇಟ್ ದಾಟಿ ಮನೆ ಬರುವವರೆಗೂ ಅವಳು ಮಾತಾಡಲಿಲ್ಲ. ಆ ಬೈಗುಳ ಇವತ್ತಿಗೂ ನನಗೆ ಚುಚ್ಚುತ್ತದೆ. ಯಾಕೆಂದರೆ ಅವಳು ಹೇಳಿದ್ದೇ ಸರಿ ಇತ್ತು.

ಕೋಚ್ ಸರ್‌ಗೆ ಕೇಳಿದಾಗ ಅವರು ಒಂದೇ ಮಾತು ಹೇಳಿದರು: "ನೀವು ಮಷೀನ್ ಶಾಪಿನವರು ಇದ್ದೀರಿ. ಹುಡುಗಿನ್ನ ಬಾಜೂಕ್ಕ ಇಟ್ಟು ಬರೇ ಬ್ಯಾರಲ್ ಏನ್ ಹೇಳ್ತದ ನೋಡ್ರಿ."

ಹಾಗೇ ಮಾಡಿದೆ. ಎರಡು ವಿ-ಬ್ಲಾಕ್ (ವಿ ಆಕಾರದ ತೋಡು ಇರುವ ಲೋಹದ ದಿಮ್ಮಿ), ಒಂದು ದಪ್ಪ ಎಂಎಸ್ ಉಕ್ಕಿನ ಪ್ಲೇಟ್, ಒಳಗೆ ರಬ್ಬರ್ ಶೀಟ್ ಇಟ್ಟು ರೈಫಲ್ ಹಿಡಿಯುವ ಒಂದು ಫಿಕ್ಸ್‌ಚರ್ ಮಾಡಿಕೊಂಡೆ. ಒಂದು ಭಾನುವಾರ ರೇಂಜಿನಲ್ಲಿ ಯಾರೂ ಇಲ್ಲದಾಗ, ಸರ್ ಒಪ್ಪಿಗೆ ಪಡೆದು, ಅದನ್ನು ಟೇಬಲ್ಲಿಗೆ ಬೋಲ್ಟ್ ಹಾಕಿ ಬಿಗಿದೆವು. ಸಿಲಿಂಡರ್‌ನಲ್ಲಿ ಗಾಳಿ ತುಂಬಿಸಿದೆವು. ಒಂದೊಂದು ಜಾತಿಯ ಪೆಲೆಟ್‌ಗೂ ಮೊದಲು 15 ಗುಂಡು ಸುಮ್ನೆ ಹೊಡೆದು ಬಿಟ್ಟೆವು, ಬ್ಯಾರಲ್ ಒಳಗೆ ಹಿಂದಿನ ಪೆಲೆಟ್‌ನ ಗುರುತು ಹೋಗಲಿ ಅಂತ. ಆಮೇಲೆ ಒಂದೊಂದು ಕಾಗದಕ್ಕೆ 10ರಂತೆ ಐದು ಗುಂಪು. ವರ್ನಿಯರ್ ಇಟ್ಟು ಪ್ರತಿ ಗುಂಪಿನ ತೂತುಗಳನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದೆ. ಅಳತೆ ಸಣ್ಣದಾದಷ್ಟೂ ಒಳ್ಳೆಯದು.

ಅಗ್ಗದ ಪೆಲೆಟ್ ಸರಾಸರಿ 9.8 ಮಿಲಿಮೀಟರ್. ಫಿನಾಲೆ ಮ್ಯಾಚ್ 4.49 ಅಳತೆಯದು 7.9. ಅದೇ ಪೆಲೆಟ್ 4.51 ಅಳತೆಯದು 7.6. 4.50 ಹಾಕಿದಾಗ 7.0. ಆ ಕಾಗದ ಬೆಳಕಿಗೆ ಹಿಡಿದಾಗ ಹತ್ತು ಗುಂಡು ಹೊಡೆದಂತೆಯೇ ಕಾಣಲಿಲ್ಲ, ಮೊಳೆ ಹೊಡೆದು ಸ್ವಲ್ಪ ಅಗಲಿಸಿದ ಒಂದೇ ತೂತು. ಮಗಳು ಆ ಕಾಗದವನ್ನು ಬಹಳ ಹೊತ್ತು ನೋಡಿದಳು. ಏನೂ ಹೇಳಲಿಲ್ಲ. ನಾನೇ ಅವಳ ಹತ್ತಿರ ಹೋಗಿ ಅವತ್ತು ಬೈದದ್ದು ತಪ್ಪಾಯಿತು ಅಂದೆ.

ಈ ಅಂಕಿಗಳ ಅರ್ಥ ಹೇಳುತ್ತೇನೆ. ಪೆಲೆಟ್ ಅಗಲವೇ 4.5 ಮಿಲಿಮೀಟರ್. 7.0ರಲ್ಲಿ ಅದನ್ನು ಕಳೆದರೆ ಗುಂಡುಗಳ ನಡುಬಿಂದುಗಳು ಹರಡಿರುವುದು 2.5 ಮಿಲಿಮೀಟರ್ ಒಳಗೆ. ಅಂದರೆ ಗುರಿ ಸರಿಯಾಗಿ ನಡುವಿಗೇ ಇದ್ದರೆ ತೀರಾ ಕೆಟ್ಟ ಗುಂಡೂ ನಡುವಿನಿಂದ 1.25 ಮಿಲಿಮೀಟರ್ ಆಚೆ ಹೋಗುವುದಿಲ್ಲ. ಏರ್ ರೈಫಲ್ ಟಾರ್ಗೆಟ್‌ನಲ್ಲಿ 0.25 ಮಿಲಿಮೀಟರ್‌ಗೆ ಒಂದು ದಶಾಂಶ ಹೋಗುತ್ತದೆ, ಹಾಗಾಗಿ ಆ ಕೆಟ್ಟ ಗುಂಡಿಗೂ 10.5 ಸಿಗುತ್ತದೆ. ಅಗ್ಗದ ಪೆಲೆಟ್‌ನ 9.8ರಲ್ಲಿ ಇದೇ ಲೆಕ್ಕ ಹಾಕಿದರೆ ಆಚೆ ಹೋಗುವುದು 2.65 ಮಿಲಿಮೀಟರ್. 10 ಸಿಗಲು 2.5ರ ಒಳಗಿರಬೇಕು. ಮಗು ಉಸಿರು ಹಿಡಿದು, ಮೈ ಕಲ್ಲು ಮಾಡಿಕೊಂಡು, ಸರಿಯಾಗಿ ನಡುವಿಗೇ ಹೊಡೆದರೂ ಒಂದೊಂದು ಸಲ 9 ಬರುವುದೇ. ಅದು ಅವಳ ತಪ್ಪು ಹೇಗಾಗುತ್ತದೆ?

ಬೇರೆ ದೇಶಗಳಲ್ಲಿ ಬೇಟೆಗೆ ತೋಟಾ ತಾವೇ ತುಂಬಿಕೊಳ್ಳುವವರು ಯಾವ ಮದ್ದು, ಎಷ್ಟು ಮದ್ದು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಮದ್ದೇ ಇಲ್ಲ. ಪ್ರತಿ ಸಲವೂ ಅಷ್ಟೇ ಗಾಳಿ, ಅದೇ ಬ್ಯಾರಲ್. ನಾವು ಬದಲಿಸಬಹುದಾದದ್ದು ಪೆಲೆಟ್ ಒಂದೇ. ಹಾಗಾಗಿ ಅದರ ಆಯ್ಕೆಯಲ್ಲಿ ಕೈ ಬಿಗಿ ಮಾಡಬಾರದು ಅಂತ ನನ್ನ ಅಭಿಪ್ರಾಯ.

ಒಂದು ಪೆಲೆಟ್ ಅಂಗೈ ಮೇಲೆ ಇಟ್ಟು ನೋಡಿ. ಡಮರುಗದ ಆಕಾರ. ಮುಂದೆ ಚಪ್ಪಟೆ ತಲೆ, ಕಾಗದದಲ್ಲಿ ದುಂಡಗೆ ಸ್ವಚ್ಛ ತೂತು ಮಾಡಲಿ ಅಂತ. ನಡುವೆ ಸಣ್ಣ ಸೊಂಟ. ಹಿಂದೆ ಲಂಗದ ಹಾಗೆ ಅರಳಿದ ಟೊಳ್ಳು ಭಾಗ. ಗಾಳಿ ಹಿಂದಿನಿಂದ ನೂಕಿದಾಗ ಈ ಲಂಗ ಹಿಗ್ಗಿ ಬ್ಯಾರಲ್‌ಗೆ ಕಚ್ಚಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ತಲೆ ಬ್ಯಾರಲ್ ಒಳಗಿನ ಏಣುಗಳ ಮೇಲೆ ನೆಟ್ಟಗೆ ಜಾರಿಕೊಂಡು ಹೋಗಬೇಕು. ತಲೆ ಸಡಿಲವಾದರೆ ಓಲಾಡುತ್ತದೆ, ಬಿಗಿಯಾದರೆ ತಿಕ್ಕಾಡುತ್ತದೆ. 4.49, 4.50, 4.51 ಅನ್ನುವ ಅಳತೆಗಳು ಬರುವುದು ಅದಕ್ಕೇ. ನಮ್ಮ ಶಾಪಿನಲ್ಲಿ ತಿರುಗುವ ಶಾಫ್ಟ್ ಅದರ ಬುಶ್ ಒಳಗೆ ಸರಿಯಾಗಿ ಕೂರುತ್ತದಾ ಅಂತ ಫಿಟ್ ನೋಡುತ್ತೇವಲ್ಲ, ಅದೇ ಕಥೆ. ನಮ್ಮ ಬ್ಯಾರಲ್‌ಗೆ 4.50 ಕೂತಿತು. ನಿಮ್ಮದಕ್ಕೆ 4.49 ಕೂರಬಹುದು, ಬೇರೆ ಕಂಪನಿಯ ಪೆಲೆಟ್ಟೇ ಕೂರಬಹುದು. ಒಬ್ಬರ ಬೆರಳಿನ ಉಂಗುರ ಇನ್ನೊಬ್ಬರಿಗೆ ಆಗುವುದಿಲ್ಲ. ನಮ್ಮ ರೇಂಜಿನಲ್ಲೇ ಮಗಳ ಗೆಳತಿಯೊಬ್ಬಳು ಆರ್‌ಡಬ್ಲ್ಯುಎಸ್ ಕಂಪನಿಯ ಆರ್10 ಪೆಲೆಟ್ ಬಳಸಿ ನಮಗಿಂತ ಚಂದ ಹೊಡೆಯುತ್ತಾಳೆ.

ಅಭ್ಯಾಸಬಲದಿಂದ ಪೆಲೆಟ್ ತಲೆಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಲು ಹೋದೆ. ಸೀಸ ಎಷ್ಟು ಮೆತ್ತಗೆ ಅಂದರೆ ಮೈಕ್ರೋಮೀಟರ್ ಬಿಗಿಸುವ ತಿರುಪು (ರ್ಯಾಚೆಟ್) ಒಂದು ಸಲ ಟಕ್ ಅಂದರೂ ಸಾಕು, ತಲೆಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ನೀವು ಆ ಪ್ರಯತ್ನ ಮಾಡಬೇಡಿ. ಅದರ ಬದಲು ಒಂದು ಗಾಜಿನ ಮೇಲೆ ಪೆಲೆಟ್ ಉರುಳಿಸಿ. ಲಂಗದ ಅಗಲ ತಲೆಗಿಂತ ಜಾಸ್ತಿ ಇರುವುದರಿಂದ ಅದು ಬಿಲ್ಲಿನಂತೆ ಸುತ್ತು ಹಾಕಿ ಹೋಗುತ್ತದೆ. ಒಳ್ಳೆಯದು ಒಂದೇ ಹದದಲ್ಲಿ ಉರುಳುತ್ತದೆ. ಲಂಗ ನೆಗ್ಗಿದ್ದರೆ ಕುಂಟುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. ಮ್ಯಾಚ್ ಇರುವ ವಾರ ಮಗಳು ಬಿಳಿ ಬಟ್ಟೆ ಹಾಸಿಕೊಂಡು 100 ಪೆಲೆಟ್ ಹೀಗೇ ಆರಿಸುತ್ತಾಳೆ.

ತೂಕದ ಹುಚ್ಚಿನ ಬಗ್ಗೆಯೂ ಹೇಳಬೇಕು. ಮೊದಲ ವರ್ಷ ಸರಾಫರು ಬಳಸುವಂಥ ಮಿಲಿಗ್ರಾಂ ತಕ್ಕಡಿ ತಂದು ರಾತ್ರಿ ಒಂದೊಂದೇ ಪೆಲೆಟ್ ತೂಗಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಮನೆಯವರು ಊಟಕ್ಕೆ ಕರೆದು ಕರೆದು ಬೇಸತ್ತರು. ಆಮೇಲೆ ಕೂತು ಲೆಕ್ಕ ಹಾಕಿದೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ತೂಕದಲ್ಲಿ 0.005 ಗ್ರಾಂ ವ್ಯತ್ಯಾಸ ಇದ್ದರೂ ಆ ಇಳಿತ ಬದಲಾಗುವುದು 0.2 ಮಿಲಿಮೀಟರ್‌ಗಿಂತ ಕಡಿಮೆ, ಅಂದರೆ ಒಂದು ದಶಾಂಶವೂ ಪೂರ್ತಿ ಇಲ್ಲ. ಫಿನಾಲೆ ಮ್ಯಾಚ್‌ನಲ್ಲಿ ನಾನು ತೂಗಿದ ಹೆಚ್ಚಿನ ಪೆಲೆಟ್‌ಗಳ ನಡುವೆ ಅಷ್ಟು ವ್ಯತ್ಯಾಸವೂ ಇರಲಿಲ್ಲ. ತೂಗುವುದು ಬಿಟ್ಟೆ. ಆ ಹೊತ್ತನ್ನು ಲಂಗ ನೋಡುವುದಕ್ಕೆ ಕೊಟ್ಟರೆ ಜಾಸ್ತಿ ಲಾಭ.

ಇನ್ನು ನಮ್ಮ ಬೆಳಗಾವಿಯ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಬರುತ್ತದೆ. ಮೊದಲ ಮಳೆಗಾಲದಲ್ಲಿ ಅರ್ಧ ಬಳಸಿದ ಒಂದು ಡಬ್ಬಿಯನ್ನು ಕಿಟಕಿ ಹತ್ತಿರ ಮುಚ್ಚಳ ಸರಿಯಾಗಿ ಹಾಕದೇ ಇಟ್ಟಿದ್ದೆವು. ತಿಂಗಳ ನಂತರ ನೋಡಿದರೆ ಮಿರುಗುವ ಪೆಲೆಟ್‌ಗಳೆಲ್ಲ ಮಂಕಾಗಿ, ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ. ಸೀಸಕ್ಕೆ ತೇವ ಹತ್ತಿದರೆ ಹೀಗಾಗುತ್ತದೆ. ಆ ಪುಡಿ ಬ್ಯಾರಲ್‌ಗೂ ಒಳ್ಳೆಯದಲ್ಲ, ಮಕ್ಕಳ ಉಸಿರಿಗೂ ಒಳ್ಳೆಯದಲ್ಲ. ಅಷ್ಟನ್ನೂ ತೆಗೆದಿಟ್ಟೆವು, ಬಳಸಲಿಲ್ಲ. ಈಗ ಡಬ್ಬಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಮೂರು ಮಳೆಗಾಲ ಕಳೆದರೂ ತೊಂದರೆ ಬಂದಿಲ್ಲ.

ಕೊಳ್ಳುವಾಗ ನನಗೆ ಆದ ಒಂದು ಅನುಭವ. ಆನ್‌ಲೈನ್‌ನಲ್ಲಿ ಒಬ್ಬ ವ್ಯಾಪಾರಿಗೆ 4.50ರ ಆರು ಡಬ್ಬಿಗೆ ದುಡ್ಡು ಹಾಕಿದೆ. ಬಂದದ್ದು ನಾಲ್ಕು 4.50, ಎರಡು 4.51. ಒಂದು ಡಬ್ಬಿಯ ಅಂಚು ಕುರಿಯರ್‌ನಲ್ಲಿ ಬಿದ್ದು ನೆಗ್ಗಿತ್ತು, ಒಳಗೆ 40ಕ್ಕೂ ಜಾಸ್ತಿ ಪೆಲೆಟ್‌ಗಳ ಲಂಗ ಸೊಟ್ಟ. ಫೋನ್ ಮಾಡಿದರೆ "ಎಲ್ಲಾ ಒಂದೇ ಸರ್, ಹೊಡೀರಿ" ಅಂದರು. ಒಂದೇ ಅಲ್ಲ. ಆ ಮಾತು ಹೇಳುವವರ ಹತ್ತಿರ ಮತ್ತೆ ಕೊಂಡಿಲ್ಲ. ಈಗ ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳುತ್ತೇನೆ, ಡಬ್ಬಿ ಹಿಂದಿನ ಚೀಟಿ ಓದುತ್ತೇನೆ.

ಆ ಚೀಟಿಯಲ್ಲಿ ಅಳತೆಯ ಜೊತೆ ಬ್ಯಾಚ್ ನಂಬರ್ ಇರುತ್ತದೆ. ಫೌಂಡ್ರಿ ಕೆಲಸ ಗೊತ್ತಿದ್ದವರಿಗೆ ಇದು ಬೇಗ ತಿಳಿಯುತ್ತದೆ. ಕಾಸ್ಟಿಂಗ್‌ಗೆ (ಎರಕದ ಮಾಲಿಗೆ) ಹೀಟ್ ನಂಬರ್, ಅಂದರೆ ಯಾವ ಸಲ ಕರಗಿಸಿದ ಲೋಹ ಅನ್ನುವ ಗುರುತು, ಇರುವ ಹಾಗೆ. ಡ್ರಾಯಿಂಗ್ ಅದೇ, ಗ್ರೇಡ್ ಅದೇ, ಆದರೂ ಒಂದು ಹೀಟ್‌ನ ಮಾಲಿಗೂ ಇನ್ನೊಂದಕ್ಕೂ ಗುಣದಲ್ಲಿ ಚೂರು ಫರಕು. ಎರಡನೇ ವರ್ಷ ಇದೇ 4.50ರ ಹೊಸ ಬ್ಯಾಚ್ ನಮ್ಮ ಬ್ಯಾರಲ್‌ನಲ್ಲಿ 7.5 ಕೊಟ್ಟಿತು. ಕೆಟ್ಟದ್ದೇನಲ್ಲ, ಅಭ್ಯಾಸಕ್ಕೆ ಬಳಸಿದೆವು. ಮ್ಯಾಚಿಗೆ ಮಾತ್ರ ಹಳೆಯ ಬ್ಯಾಚಿನ ಉಳಿದ ಡಬ್ಬಿ ಇಟ್ಟುಕೊಂಡೆವು. ಅಂದಿನಿಂದ ನನ್ನ ಪದ್ಧತಿ ಹೀಗೆ: ಮೊದಲು ಒಂದೊಂದೇ ಡಬ್ಬಿ ತರಿಸು, ಫಿಕ್ಸ್‌ಚರ್‌ನಲ್ಲಿ ನೋಡು, ಸರಿ ಬಂದರೆ ಅದೇ ಬ್ಯಾಚಿನ 10 ಡಬ್ಬಿ ಒಟ್ಟಿಗೆ ತರಿಸು.

ಖರ್ಚು ಜಾಸ್ತಿಯೇ. ಊರಲ್ಲಿ ಸಿಗುವ ಅಗ್ಗದ್ದಕ್ಕಿಂತ ಮೂರು ಪಟ್ಟು ಮೀರುತ್ತದೆ. ಆಗಷ್ಟೇ ಶುರು ಮಾಡಿದ ಮಗುವಿಗೆ ಇದು ಬೇಕಿಲ್ಲ ಅಂತ ಖಡಾಖಂಡಿತ ಹೇಳುತ್ತೇನೆ. ಮೊದಲ ಒಂದು ವರ್ಷ ನಿಲ್ಲುವುದು, ಉಸಿರು, ಟ್ರಿಗರ್ ಕಲಿಯುವುದರಲ್ಲೇ ಹೋಗುತ್ತದೆ, ಆಗ ಸಾಧಾರಣ ಪೆಲೆಟ್ ಸಾಕು. ಸ್ಕೋರು 600 ದಾಟಿ ನಿಂತ ಮೇಲೆ ಯೋಚಿಸಿ. ನಮ್ಮ ಮಗಳು ಪೆಲೆಟ್ ಬದಲಿಸಿದ ಎರಡು ತಿಂಗಳಲ್ಲಿ 613ಕ್ಕೆ ಬಂದಳು. ಈಗ 621 ಹೊಡೆಯುತ್ತಾಳೆ. 613ರಿಂದ 621ರವರೆಗಿನದು ಪೂರಾ ಅವಳ ಬೆಳಗಿನ ಐದು ಗಂಟೆಯ ದುಡಿಮೆ, ಅದನ್ನು ಪೆಲೆಟ್ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಪಾಲಕರಲ್ಲಿ ಇನ್ನೊಂದು ವಿನಂತಿ. ಇದು ಸೀಸ. ಕೆಲವು ಹುಡುಗರು ಪೆಲೆಟ್ ಬಾಯಲ್ಲಿ ಇಟ್ಟುಕೊಂಡು ಒಂದೊಂದೇ ತೆಗೆದು ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬಿಡಿಸಿ. ಬೆಳೆಯುವ ಮಕ್ಕಳ ಮೆದುಳಿಗೆ ಸೀಸ ವಿಷ. ರೇಂಜಿನಿಂದ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೇ ಟಿಫಿನ್ ಡಬ್ಬಿ ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಕಾಯಂ ನಿಯಮ. ಹಾಗೇ, ಹಕ್ಕಿ ಹೊಡೆಯಬಹುದಾ ಅಂತ ಕೇಳುವವರಿಗೂ ಒಂದು ಮಾತು. ಕಾಡುಪ್ರಾಣಿ, ಹಕ್ಕಿಗಳ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ನಿಷೇಧ ಇದೆ. ಇದು ಕಾಗದಕ್ಕೆ ಹೊಡೆಯುವ ಪೆಲೆಟ್. ಆ ಪ್ರಶ್ನೆಗೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಮೊನ್ನೆ ಭಾನುವಾರ ಹೊಸ ಬ್ಯಾಚ್ ಪರೀಕ್ಷೆ ಮಾಡಿದೆವು. ಈ ಸಲ ಫಿಕ್ಸ್‌ಚರ್ ಬಿಗಿದದ್ದೂ, ವರ್ನಿಯರ್ ಹಿಡಿದದ್ದೂ ಮಗಳೇ. ಐದು ಗುಂಪಿನ ಸರಾಸರಿ 6.9 ಬಂತು. ಸಂಜೆಯೇ 10 ಡಬ್ಬಿಗೆ ಆರ್ಡರ್ ಹಾಕಿದೆ. ಪರೀಕ್ಷೆಗೆ ತರಿಸಿದ ಡಬ್ಬಿಯಲ್ಲಿ ಉಳಿದದ್ದನ್ನು ಅವಳು ಮ್ಯಾಚಿಗೆ ಅಂತ ಎತ್ತಿಟ್ಟಳು, ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬ್ಯಾಚ್ ನಂಬರ್, ತಾರೀಖು, ಅದರ ಕೆಳಗೆ 6.9 ಅಂತ ಬರೆದು.