ಕಾಸರಗೋಡಿನಲ್ಲಿ ಜಾಗ ತೆಗೆದುಕೊಳ್ಳುವವರು ಮುಂಗಡ ಕೊಡುವ ಮೊದಲು ಓದಿ

ಕುಂಬಳೆ ಹತ್ತಿರ 12 ಸೆಂಟ್ಸ್ ಜಾಗಕ್ಕೆಂದು ಕೊಟ್ಟ ಒಂದೂವರೆ ಲಕ್ಷ ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂದಿದೆ. ಬ್ರೋಕರ್ ಮೋಸ ಮಾಡಿದ ಎಂದು ಮನೆಯವರೆಲ್ಲ ಹೇಳುತ್ತಾರೆ. ಆದರೆ ಬ್ರೋಕರ್‌ನ ಮಾತನ್ನು ನಾನು ಪೂರ್ತಿ ನಂಬಿದವನೇ ಅಲ್ಲ. ನಂಬಿದ್ದು ಜಾಗ–ಮನೆ ಮಾಹಿತಿ ಕೊಡುವ ಒಂದು ವೆಬ್‌ಸೈಟನ್ನು.

ಕಾಸರಗೋಡಿನಲ್ಲಿ ಜಾಗ ಕೊಳ್ಳುವ ಬಗೆ ಎಂದು ತಲೆಬರಹ, ಒಳ್ಳೆಯ ಕನ್ನಡ, ಕೊನೆಯಲ್ಲಿ ‘ಮೂಲಗಳು’ ಎಂದು ಐದು ನೀಲಿ ಲಿಂಕ್. ಕೃಷಿ ಜಾಗಕ್ಕೆ ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ ಇದ್ದರೆ ಮನೆ ಕಟ್ಟಲು ಅಡ್ಡಿಯಿಲ್ಲ ಎಂದು ಅದರಲ್ಲಿತ್ತು. ಜಾಗಕ್ಕೆ ಕೆಂಪು ಮಣ್ಣು ತುಂಬಿಸಿ ಮಟ್ಟ ಮಾಡಿದ್ದರು, ತೋಡಿನ ಬದಿಗೆ ನಾಲ್ಕು ಸಾಲು ಅಡಿಕೆ ಸಸಿಯೂ ಇತ್ತು. “ಕನ್ವರ್ಶನ್ ಆಗಿದೆ” ಎಂದು ಬ್ರೋಕರ್ ಮಲಯಾಳದ ಒಂದು ಕಾಗದ ತೋರಿಸಿದ. ಓದಿದ್ದಕ್ಕೂ ಹೇಳಿದ್ದಕ್ಕೂ ತಾಳೆಯಾಯಿತು, ಕೊಟ್ಟುಬಿಟ್ಟೆ.

ಅಪ್ಪನ ತೆಂಗಿನ ಸಸಿಯ ವಿಚಾರಕ್ಕೆ ಕೃಷಿ ಭವನಕ್ಕೆ, ಅಂದರೆ ಕೃಷಿ ಇಲಾಖೆಯ ಸ್ಥಳೀಯ ಕಚೇರಿಗೆ, ಹೋದಾಗ ಮಾತಿನ ಮಧ್ಯೆ ಸರ್ವೆ ನಂಬ್ರ ಹೇಳಿದೆ. ಅಲ್ಲಿದ್ದವರು ಪಟ್ಟಿ ನೋಡಿ, “ಇದು ಡೇಟಾ ಬ್ಯಾಂಕಿನಲ್ಲಿ ಉಂಟಲ್ಲ ಮಾಷ್ಟ್ರೇ, ಗದ್ದೆ ಅಂತಲೇ ಉಂಟು” ಎಂದರು. ನನ್ನ ಕೈಕಾಲು ತಣ್ಣಗಾಯಿತು.

ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಯ ಕಾನೂನು ಇದೆ. ಅದರ ಪ್ರಕಾರ ಮಾಡಿದ ಗದ್ದೆ, ಜೌಗು ಭೂಮಿಗಳ ಪಟ್ಟಿಯೇ ಡೇಟಾ ಬ್ಯಾಂಕ್. ಡೇಟಾ ಬ್ಯಾಂಕಿನಲ್ಲಿ ಗದ್ದೆ ಎಂದಿರುವ ಜಾಗಕ್ಕೆ ಎಷ್ಟು ಮಣ್ಣು ಸುರಿದರೂ ಅದು ಕಾಗದದಲ್ಲಿ ಗದ್ದೆಯೇ. ತಪ್ಪಿ ಸೇರಿದ್ದರೆ ತೆಗೆಸಲು ಫಾರಂ 5ರಲ್ಲಿ ಅರ್ಜಿ ಹಾಕಬೇಕು. ಡೇಟಾ ಬ್ಯಾಂಕಿನಲ್ಲಿ ಇಲ್ಲದೆ ಕಂದಾಯ ದಾಖಲೆಯಲ್ಲಿ ಮಾತ್ರ ಗದ್ದೆ ಎಂದಿದ್ದರೆ, 50 ಸೆಂಟ್ಸ್‌ವರೆಗಿನ ಜಾಗವನ್ನು ಬೇರೆ ಉಪಯೋಗಕ್ಕೆ ಬದಲಿಸಲು ಫಾರಂ 6. ವೆಬ್‌ಸೈಟ್ ಹೇಳಿದ್ದು ಕರ್ನಾಟಕದ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ವಿಷಯ. ಮಂಗಳೂರಿಗೆ ಸರಿ, ಕುಂಬಳೆಗೆ ಅಲ್ಲ.

ಆ ರಾತ್ರಿ ಐದೂ ಲಿಂಕ್ ಒತ್ತಿದೆ. ಮೊದಲನೆಯದು ಕರ್ನಾಟಕ ಕಂದಾಯ ಇಲಾಖೆಯ ಮುಖಪುಟ. ಯಾವ ಆದೇಶ, ಯಾವ ತಾರೀಕು, ಏನೂ ಇಲ್ಲ. ಎರಡನೆಯದು ಅದೇ ವೆಬ್‌ಸೈಟಿನ ಇನ್ನೊಂದು ಬರಹ. ಮೂರನೆಯದು ಬೇರೆ ಸೈಟು, ಅದರ ಕೊನೆಯಲ್ಲಿ ಮೂಲ ಎಂದು ಕೊಟ್ಟದ್ದು ಈ ಸೈಟಿನ ಹೆಸರನ್ನೇ! ನಾಲ್ಕನೆಯದು 2016ರ ಪತ್ರಿಕಾ ವರದಿ. ಕೇರಳದ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂದದ್ದು 2018ರಲ್ಲಿ. ಐದನೆಯದು ತೆರೆಯಲೇ ಇಲ್ಲ. ನೋಂದಣಿ ಖರ್ಚಿನ ಲೆಕ್ಕದಲ್ಲೂ ಮುದ್ರಾಂಕ ಶುಲ್ಕ ಶೇ. 5 ಎಂದಿತ್ತು. ಕೇರಳದಲ್ಲಿ ಅದು ಶೇ. 8, ಮೇಲೆ ನೋಂದಣಿ ಶುಲ್ಕ ಶೇ. 2. ಇದೊಂದನ್ನು ಮೊದಲೇ ಗಮನಿಸಿದ್ದರೂ ಸಾಕಿತ್ತು.

ನಮ್ಮ ಕಷ್ಟ ನಮಗೇ ಗೊತ್ತು. 1956ರಿಂದ ಆಡಳಿತ ಕೇರಳದ್ದು, ಮನೆಮಾತು ಕನ್ನಡ. ಆದೇಶಗಳೆಲ್ಲ ಹೆಚ್ಚಾಗಿ ಮಲಯಾಳದಲ್ಲಿ. ಹಾಗಿರುವಾಗ ನಮ್ಮೂರಿನ ಹೆಸರು ಹಾಕಿ ಕನ್ನಡದಲ್ಲಿ ಯಾರಾದರೂ ಬರೆದರೆ ಸ್ವಂತದವರು ಹೇಳಿದಷ್ಟು ನಂಬಿಕೆ ಬರುತ್ತದೆ. ಕಾಸರಗೋಡು ಎಂದು ತಲೆಬರಹ ಕೊಡುವವರು ಕೇರಳದ ಒಂದು ಸರ್ಕಾರಿ ದಾಖಲೆಯನ್ನಾದರೂ ತೆರೆದು ನೋಡಬೇಕಿತ್ತು. ನನಗೆ ಅತಿ ಹೆಚ್ಚು ನೋವಾದದ್ದು ಇದಕ್ಕೇ.

ತಪ್ಪನ್ನು ವಿವರಿಸಿ ಅವರಿಗೆ ಮೇಲ್ ಮಾಡಿದೆ. ಮಾಹಿತಿಯನ್ನು ಸಾರ್ವಜನಿಕ ಮೂಲಗಳಿಂದ ತೆಗೆದದ್ದು ಎಂಬ ಒಂದು ಸಾಲಿನ ಉತ್ತರ ಬಂತು. ವಾರ ಬಿಟ್ಟು ನೋಡಿದರೆ ಬರಹ ಅಕ್ಷರ ಬದಲಾಗದೆ ಹಾಗೆಯೇ ಇದೆ, ಮೇಲೆ ‘ನವೀಕರಿಸಲಾಗಿದೆ’ ಎಂದು ಹೊಸ ತಾರೀಕು ಮಾತ್ರ ಬಿದ್ದಿದೆ.

ದಯವಿಟ್ಟು ಮುಂಗಡಕ್ಕೆ ಮೊದಲು ಸರ್ವೆ ನಂಬ್ರ ಹಿಡಿದು ಕೃಷಿ ಭವನಕ್ಕೆ ಹೋಗಿ, ಡೇಟಾ ಬ್ಯಾಂಕಿನಲ್ಲಿ ಉಂಟಾ ಎಂದು ಕೇಳಿ. ವಿಲೇಜ್ ಆಫೀಸಿನಲ್ಲಿ ಜಾಗ ಯಾವ ತರದ್ದು ಎಂದು ದಾಖಲಾಗಿದೆ ನೋಡಿ. ಮಲಯಾಳ ಓದಲು ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಬ್ರೋಕರ್‌ನನ್ನಲ್ಲ. ನನಗೆ ಆ ಎರಡು ಕಡೆಗೆ ಹೋಗಿ ಬರಲು ಅರ್ಧ ದಿನ ಸಾಕಾಗುತ್ತಿತ್ತು.