ಫೋಲ್ಸಮ್ ಮತ್ತು ಸ್ಯಾನ್ ಕ್ವೆಂಟಿನ್: ಜಾನಿ ಕ್ಯಾಶ್ ಅವರ ಎರಡು ಸೆರೆಮನೆ ಆಲ್ಬಮ್‌ಗಳು

ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಜಾನಿ ಕ್ಯಾಶ್ ಅವರ ಎರಡು ಸೆರೆಮನೆ ಆಲ್ಬಮ್‌ಗಳಲ್ಲಿ ಮೊದಲು ಯಾವುದನ್ನು ಕೇಳಬೇಕೆಂದು ಗೆಳೆಯರು ಕೇಳಿದಾಗ ಖಚಿತವಾಗಿ ಹೇಳಲಾಗದೆ, ಕಳೆದ ತಿಂಗಳು ಪ್ರತಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಂದು ದಿನ ‘ಅಟ್ ಫೋಲ್ಸಮ್ ಪ್ರಿಸನ್’, ಮರುದಿನ ‘ಅಟ್ ಸ್ಯಾನ್ ಕ್ವೆಂಟಿನ್’ ಎಂಬಂತೆ ಕೇಳುತ್ತ ಬಂದೆ. ಮೊದಲು ಮೂಲ ಎಲ್‌ಪಿಗಳ (ಗ್ರಾಮಫೋನ್ ತಟ್ಟೆಗಳ) ಹಾಡುಗಳನ್ನಷ್ಟೇ ಕೇಳಿ, ವಿಸ್ತೃತ ಆವೃತ್ತಿಗಳನ್ನು ಕೊನೆಯ ವಾರಕ್ಕೆ ಇಟ್ಟುಕೊಂಡೆ.

ಎರಡೂ ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ, ಕೈದಿಗಳ ಮುಂದೆ, ಬಾಬ್ ಜಾನ್‌ಸ್ಟನ್ ಅವರ ನಿರ್ಮಾಣದಲ್ಲಿ ಧ್ವನಿಮುದ್ರಣಗೊಂಡವು: ಫೋಲ್ಸಮ್ 1968ರ ಜನವರಿ 13ರಂದು, ಸ್ಯಾನ್ ಕ್ವೆಂಟಿನ್ 1969ರ ಫೆಬ್ರವರಿ 24ರಂದು. ಜನಪ್ರಿಯತೆಯಲ್ಲಿ ಎರಡನೆಯದೇ ಮುಂದು. ಫೋಲ್ಸಮ್ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದರೂ ಬಿಲ್‌ಬೋರ್ಡ್‌ನ ಪಾಪ್ ಆಲ್ಬಮ್ ಪಟ್ಟಿಯಲ್ಲಿ 13ಕ್ಕೆ ನಿಂತಿತು. ಸ್ಯಾನ್ ಕ್ವೆಂಟಿನ್ ಎರಡರಲ್ಲೂ ಮೊದಲಾಯಿತು.

ಆದರೂ ನನ್ನ ಆಯ್ಕೆ ಫೋಲ್ಸಮ್. ಅದರಲ್ಲಿ ಹಾಡಿನ ಜೊತೆಗೆ ಜೈಲೂ ಕೇಳಿಸುತ್ತದೆ: ಹಾಡುಗಳ ನಡುವೆ ಧ್ವನಿವರ್ಧಕವು ಕೈದಿಯೊಬ್ಬನನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಕರೆಯುತ್ತದೆ, ಗಣಿಯ ಕತ್ತಲೆಯ ಕುರಿತಾದ ‘ಡಾರ್ಕ್ ಆ್ಯಸ್ ಎ ಡಂಜನ್’ ಹಾಡುವಾಗ ಕ್ಯಾಶ್‌ಗೆ ನಗು ತಡೆಯಲಾಗುವುದಿಲ್ಲ. ಕ್ಯಾಶ್ ತಂಡದ ಲೂಥರ್ ಪರ್ಕಿನ್ಸ್ ಅವರ ಗಿಟಾರ್ ಒಂದು ಸ್ವರವನ್ನೂ ದುಂದುಮಾಡದೆ ಹೆಜ್ಜೆಯಿಟ್ಟಂತೆ ಸಾಗುತ್ತದೆ. 1968ರ ಆಗಸ್ಟ್‌ನಲ್ಲಿ ಪರ್ಕಿನ್ಸ್ ತೀರಿಕೊಂಡರು. ಸ್ಯಾನ್ ಕ್ವೆಂಟಿನ್‌ನಲ್ಲಿ ಅವರ ಜಾಗಕ್ಕೆ ಬಂದ ಬಾಬ್ ವೂಟನ್ ಆ ಶೈಲಿಯನ್ನು ನಿಷ್ಠೆಯಿಂದ ನುಡಿಸಿದ್ದಾರೆ, ಆದರೂ ಆ ಸಂಯಮ ನನಗೆ ಅಷ್ಟಾಗಿ ಸಿಗಲಿಲ್ಲ.

ಫೋಲ್ಸಮ್‌ನ ಒಂದು ಲೋಪವನ್ನು ಹೇಳಲೇಬೇಕು. ‘ಫೋಲ್ಸಮ್ ಪ್ರಿಸನ್ ಬ್ಲೂಸ್’ನಲ್ಲಿ ರೀನೋ ಊರಿನಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಂದೆನೆಂಬ ಸಾಲು ಬಂದೊಡನೆ ಕೇಳಿಬರುವ ಹರ್ಷೋದ್ಗಾರವನ್ನು ಆಮೇಲೆ ಸ್ಟುಡಿಯೊದಲ್ಲಿ ಸೇರಿಸಲಾಗಿತ್ತು. ಇದು ತಿಳಿದ ಬಳಿಕ ಆ ಕ್ಷಣ ನನಗೆ ಮೊದಲಿನಂತೆ ಉಳಿಯಲಿಲ್ಲ. ಇಂಥ ಜೋಡಣೆಯ ಅಗತ್ಯವೇ ಇರಲಿಲ್ಲ, ಏಕೆಂದರೆ ಸಭೆಯ ನಿಜವಾದ ಸ್ಪಂದನ ಉಳಿದೆಲ್ಲ ಕಡೆ ಧಾರಾಳವಾಗಿದೆ.

ಸ್ಯಾನ್ ಕ್ವೆಂಟಿನ್‌ನ ಶಿಖರವೆಂದರೆ ಅದೇ ಹೆಸರಿನ ಹಾಡು. ಜೈಲನ್ನು ನೇರವಾಗಿ ಶಪಿಸುವ ಈ ಹಾಡು ಮುಗಿದಾಗ ಎದ್ದ ಅಬ್ಬರಕ್ಕೆ ಕ್ಯಾಶ್ ಅದನ್ನೇ ಮತ್ತೊಮ್ಮೆ ಹಾಡುತ್ತಾರೆ. ಅದಕ್ಕೂ ಮೊದಲು, ಕಾವಲುಗಾರರಲ್ಲಿ ಇನ್ನೂ ತಮ್ಮೊಡನೆ ಮಾತು ಬಿಡದವರಿದ್ದರೆ ಒಂದು ಲೋಟ ನೀರು ಕೊಡಿ ಎನ್ನುತ್ತಾರೆ. ಅಷ್ಟು ಬಿಗಿಯಾದ ಕ್ಷಣ ಫೋಲ್ಸಮ್‌ನಲ್ಲಿಲ್ಲ. ಕ್ಯಾಶ್ ಕಾಗದ ನೋಡಿಕೊಂಡು ಹಾಡಿದ, ಶೆಲ್ ಸಿಲ್ವರ್‌ಸ್ಟೀನ್ ರಚಿಸಿದ ‘ಎ ಬಾಯ್ ನೇಮ್ಡ್ ಸೂ’ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಎಷ್ಟು ಸಲ ಕೇಳಿದರೂ ಅದರ ನಗು ಬಾಡಿಲ್ಲ. ಆದರೆ ಮೂಲ ಎಲ್‌ಪಿಯಲ್ಲಿ ಇರುವುದು 10 ಹಾಡುಗಳ ಜಾಗ ಮಾತ್ರ, ಅದರಲ್ಲಿ ಒಂದು ಎರಡು ಬಾರಿ ಬರುತ್ತದೆ. ಕಛೇರಿಯನ್ನು ಅರ್ಧಕ್ಕೆ ಕತ್ತರಿಸಿದಂತೆನಿಸುತ್ತದೆ. ಆದ್ದರಿಂದ ಇದನ್ನು 2000ದಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲೇ ಕೇಳಬೇಕು.

ಫೋಲ್ಸಮ್‌ಗೆ ಮೂಲದ 16 ಹಾಡುಗಳೇ ಸಾಕು, ಏಕೆಂದರೆ ಅವು ‘ಗ್ರೇಸ್ಟೋನ್ ಚಾಪೆಲ್’ನಲ್ಲಿ ಮುಗಿಯುತ್ತವೆ. ಅದನ್ನು ಬರೆದವನು ಅಲ್ಲಿನ ಕೈದಿ ಗ್ಲೆನ್ ಶರ್ಲಿ. ಹಿಂದಿನ ರಾತ್ರಿಯಷ್ಟೇ ಕಲಿತ ಆ ಹಾಡನ್ನು, ಸಭೆಯಲ್ಲೇ ಕುಳಿತಿದ್ದ ಅವನಿಗೆ ಮುನ್ಸೂಚನೆ ಕೊಡದೆ, ಕ್ಯಾಶ್ ಅವನ ಹೆಸರು ಹೇಳಿ ಹಾಡಿದರು.